ನಿವೃತ್ತಿಯ ನಂತರ: ನಿಮಗಾಗಿ ಯಾರಾದರೂ ಕಾಯುವಂಥ ಕೆಲಸವನ್ನು ಹುಡುಕಿಕೊಳ್ಳುವ ಬಗೆ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮೇ 31 ಬೀಳ್ಕೊಡುಗೆಗಳ ದಿನ. ಹಿಂದೆಲ್ಲ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಮನೆಯವರಿಗೆ ನೆನಪಿಲ್ಲದಿದ್ದರೆ ಮುಖ್ಯೋಪಾಧ್ಯಾಯರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ತಿಂಗಳ ಮೊದಲ ತಾರೀಖಿನಂದು ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ, ಆ ದಿನ ಒಂದೇ ಇಲಾಖೆಯ ಹಲವರಿಗೆ ಸಾಲಾಗಿ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲಗಳು ಸಲ್ಲುತ್ತವೆ. ಭಾಷಣ ಮಾಡಿದವರೆಲ್ಲರೂ ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತಾರೆ. ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹೇಳುವವರು ಕೂಡ ಸಾಮಾನ್ಯವಾಗಿ ಹವ್ಯಾಸಗಳ ಪಟ್ಟಿಯನ್ನು ಮುಂದಿಡುತ್ತಾರೆ: ಓದಿ, ನಡೆಯಿರಿ, ತೀರ್ಥಯಾತ್ರೆ ಮಾಡಿ, ಕೈತೋಟ ಬೆಳೆಸಿ. ಇವೆಲ್ಲವೂ ಒಳ್ಳೆಯವೇ. ಆದರೆ ನಿವೃತ್ತರಾದ ವರ್ಷದೊಳಗೇ ಮಂಕಾದವರನ್ನು ಗಮನಿಸಿದರೆ, ಅವರಿಗೆ ಕೊರತೆಯಾಗಿದ್ದದ್ದು ಹವ್ಯಾಸವಲ್ಲ ಎಂಬುದು ತಿಳಿಯುತ್ತದೆ. ಕಚೇರಿಯಲ್ಲಿ ಒಂದು ದಿನ ಬಾರದಿದ್ದರೆ ಹತ್ತು ಜನ ವಿಚಾರಿಸುತ್ತಿದ್ದರು. ಈಗ ಇಡೀ ವಾರ ಮನೆಯಿಂದ ಹೊರಬೀಳದಿದ್ದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಬದುಕಿಗೆ ಉದ್ದೇಶ ಬೇಕೆಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಬಹುಮಟ್ಟಿಗೆ ಇದನ್ನೇ: ಒಂದು ಗೊತ್ತಾದ ಹೊತ್ತಿಗೆ, ಒಂದು ಗೊತ್ತಾದ ಜಾಗದಲ್ಲಿ, ಯಾರೋ ನಮ್ಮ ದಾರಿ ನೋಡುತ್ತಿರಬೇಕು. ಅಂಥ ಕೆಲಸವನ್ನು ಹುಡುಕಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಕುರ್ಚಿ ಬೇರೆ, ಕೆಲಸ ಬೇರೆ

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅದರಲ್ಲಿ ನೀವು ನಿರ್ವಹಿಸಿದ ಹುದ್ದೆಗಳನ್ನು ಬರೆಯಬೇಡಿ. ಅವು ಸೇವಾ ಪುಸ್ತಕದಲ್ಲಿ ಹೇಗೂ ಇವೆ. ಹುದ್ದೆಗೆ ಸಂಬಂಧವಿಲ್ಲದಿದ್ದರೂ ಜನ ಯಾವ ಕಾರಣಕ್ಕೆ ನಿಮ್ಮ ಮೇಜಿನ ಬಳಿಗೆ ಬರುತ್ತಿದ್ದರು ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ಪ್ರತಿ ಕಚೇರಿಯಲ್ಲಿಯೂ ಕರಡು ಪತ್ರ ತಿದ್ದಿಕೊಡುವವರು ಒಬ್ಬರಿರುತ್ತಾರೆ. ಜಗಳವಾಡಿಕೊಂಡ ಇಬ್ಬರು ಸಹೋದ್ಯೋಗಿಗಳನ್ನು ಕ್ಯಾಂಟೀನಿಗೆ ಕರೆದೊಯ್ದು ರಾಜಿ ಮಾಡಿಸುವವರು ಇನ್ನೊಬ್ಬರು. ಆಯುಧಪೂಜೆಯ ಚಂದಾ ಎತ್ತಿ, ಪೈಸೆ ಪೈಸೆಗೂ ಲೆಕ್ಕ ಕೊಟ್ಟು, ಉಳಿದ ಹಣದಲ್ಲಿ ಎಲ್ಲರಿಗೂ ಸಿಹಿ ಹಂಚುವವರು ಮತ್ತೊಬ್ಬರು. ಹೊಸದಾಗಿ ಸೇರಿದ ಹುಡುಗರಿಗೆ ಬೇಸರವಿಲ್ಲದೆ ಕೆಲಸ ಕಲಿಸುವವರೂ ಇರುತ್ತಾರೆ. ಈ ಗುಣಗಳಿಗೆ ಸರ್ಕಾರ ಸಂಬಳ ಕೊಟ್ಟಿರಲಿಲ್ಲ. ಹಾಗಾಗಿ ನಿವೃತ್ತಿಯ ಆದೇಶ ಅವುಗಳನ್ನು ಕಿತ್ತುಕೊಳ್ಳುವುದೂ ಇಲ್ಲ. ಮುಂದಿನ ಕೆಲಸದ ಬೀಜ ಇರುವುದು ಇಲ್ಲಿ. ಬರೆದದ್ದನ್ನು ಹೆಂಡತಿಗೋ ಗಂಡನಿಗೋ, ಹಳೆಯ ಸಹೋದ್ಯೋಗಿಯೊಬ್ಬರಿಗೋ ತೋರಿಸಿ. ನಿಮಗೆ ಹೊಳೆಯದೆ ಹೋದದ್ದನ್ನು ಅವರು ಸೇರಿಸುತ್ತಾರೆ, ನೀವು ಹೊಗಳಿಕೊಂಡದ್ದನ್ನು ಹೊಡೆದುಹಾಕುತ್ತಾರೆ.

ಕುರ್ಚಿಯ ನೆನಪು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಗೇಟಿನ ಮೇಲೆ ‘ನಿವೃತ್ತ ಕಾರ್ಯಪಾಲಕ ಎಂಜಿನಿಯರ್’ ಎಂಬ ಫಲಕ ಇದ್ದರೆ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಹೊಸ ಜಾಗದಲ್ಲಿ ಆ ಫಲಕವನ್ನು ಮುಂದಿಟ್ಟುಕೊಂಡು ಪರಿಚಯ ಮಾಡಿಕೊಂಡರೆ ಎದುರಿನವರು ಎದ್ದು ನಿಲ್ಲುತ್ತಾರೆಯೇ ಹೊರತು ಹತ್ತಿರ ಬರುವುದಿಲ್ಲ. ವಾರಕ್ಕೊಮ್ಮೆ ಹಳೆಯ ಕಚೇರಿಗೆ ಹೋಗಿ ಚಹಾ ಕುಡಿದು ಬರುವ ಅಭ್ಯಾಸವನ್ನಂತೂ ಬೆಳೆಸಿಕೊಳ್ಳಲೇಬಾರದು. ಮೊದಲ ಸಲ ಎಲ್ಲರೂ ಎದ್ದು ನಮಸ್ಕರಿಸುತ್ತಾರೆ, ನಾಲ್ಕನೆಯ ಸಲ ಕಂಪ್ಯೂಟರಿನಿಂದ ಕಣ್ಣು ತೆಗೆಯುವುದಿಲ್ಲ, ಮತ್ತು ಅದರಲ್ಲಿ ಅವರ ತಪ್ಪೂ ಇರುವುದಿಲ್ಲ.

ನಿವೃತ್ತಿಯೆಂದರೆ ಕೆಲಸದ ಕೊನೆಯೆಂದು ಭಾವಿಸುವವರು ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದ ಇಸವಿಗಳನ್ನು ಒಮ್ಮೆ ನೋಡಬೇಕು. ಅವರು ಬೊಂಬಾಯಿ ಸರ್ಕಾರದ ಸೇವೆಯಿಂದ ಸ್ವಯಂ ನಿವೃತ್ತಿ ಪಡೆದದ್ದು 1908ರಲ್ಲಿ. ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಮೈಸೂರು ಸೀಮೆ ಅವರನ್ನು ನೆನೆಯುವುದು ಯಾವ ಕಾರ್ಯಗಳಿಗಾಗಿಯೋ ಅವೆಲ್ಲವೂ ಅವರ ಮೊದಲ ನಿವೃತ್ತಿಯ ನಂತರದವು. ಆದರೂ ಅಂಥ ಮಹನೀಯರನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಮ್ಮಂಥವರು ಯಾವುದನ್ನೂ ಆರಂಭಿಸಲಾರೆವು. ನನಗೆ ಹೆಚ್ಚು ಉಪಯುಕ್ತವೆನಿಸುವ ಮೇಲ್ಪಂಕ್ತಿ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರದು. 1913ರಲ್ಲಿ ಹುಟ್ಟಿದ ಅವರು, ಕಾಲೇಜಿನ ನೌಕರಿ ಮುಗಿದು ಎಷ್ಟೋ ಕಾಲವಾದ ಮೇಲೆ, 1991ರಲ್ಲಿ, ಪ್ರಜಾವಾಣಿಯಲ್ಲಿ ಓದುಗರ ಭಾಷಾಸಂದೇಹಗಳಿಗೆ ಉತ್ತರಿಸುವ ಅಂಕಣವನ್ನು ಆರಂಭಿಸಿದರು. ಇಲ್ಲಿ ಗಮನಿಸಬೇಕಾದದ್ದು ಪಾಂಡಿತ್ಯವನ್ನಲ್ಲ, ಏರ್ಪಾಟನ್ನು. ಎಲ್ಲಿಂದಲೋ ಯಾರೋ ಒಂದು ಪ್ರಶ್ನೆ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಿದ್ದರು, ಉತ್ತರ ಕೊಡಬೇಕಾದ ದಿನ ಗೊತ್ತಾಗಿತ್ತು. ಅವರು 107 ವರ್ಷ ಬದುಕಿದ್ದಕ್ಕೆ ಇದೇ ಕಾರಣವೆಂದು ಹೇಳುವಷ್ಟು ಧೈರ್ಯ ನನಗಿಲ್ಲ; ಆದರೆ ಎಪ್ಪತ್ತೆಂಟರಲ್ಲಿ ಹೊಸದೊಂದು ವಾಯಿದೆಯನ್ನು ಒಪ್ಪಿಕೊಳ್ಳುವ ಮನಸ್ಸು ಯಾರಿಗಾದರೂ ಇದ್ದರೆ ಒಳ್ಳೆಯದು.

ಮೊದಲ ಆರು ತಿಂಗಳು

ಈ ಅವಧಿಯಲ್ಲಿ ದೊಡ್ಡ ತೀರ್ಮಾನ ಯಾವುದನ್ನೂ ಮಾಡದಿರುವುದು ಲೇಸು. ಪಿಂಚಣಿಯ ಕಾಗದಪತ್ರ, ಗಳಿಕೆ ರಜೆಯ ನಗದೀಕರಣ, ವಿಮೆಯ ಹಣ ಇವುಗಳಿಗಾಗಿ ಓಡಾಟ ಇದ್ದೇ ಇರುತ್ತದೆ. ಉಳಿದ ಹೊತ್ತಿನಲ್ಲಿ ನಿದ್ದೆ ಮಾಡಿ, ನೆಂಟರ ಊರುಗಳಿಗೆ ಹೋಗಿ ಬನ್ನಿ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ 60 ದಾಟಿದವರಿಗೆ ಶೇ 25 ರಿಯಾಯಿತಿ ಇದೆ. ರೈಲಿನ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಹಿರಿಯರೆಲ್ಲರ ಅಸಮಾಧಾನದ ವಿಷಯ, ಅದಿರಲಿ.

ಒಂದು ಕೆಲಸವನ್ನು ಮಾತ್ರ ಮುಂದೂಡಬೇಡಿ: ಕಣ್ಣು ಮತ್ತು ಕಿವಿಗಳ ತಪಾಸಣೆ. ಕಣ್ಣಿನ ಪೊರೆಯ ಬಗ್ಗೆ ಎಲ್ಲರಿಗೂ ಗೊತ್ತು, ಕಿವಿಯ ಬಗ್ಗೆ ಸಂಕೋಚ. ಸಭೆಯಲ್ಲಿ ಆಡಿದ ಮಾತು ಅರ್ಧ ಮಾತ್ರ ಕೇಳಿಸುವವರು ಮೊದಲು ನಗುತ್ತ ತಲೆಯಾಡಿಸುತ್ತಾರೆ, ಆಮೇಲೆ ಸಭೆಗೇ ಹೋಗುವುದನ್ನು ಬಿಡುತ್ತಾರೆ, ಕೊನೆಗೆ ಜನರ ಸಹವಾಸವೇ ಬೇಡವೆನ್ನುತ್ತಾರೆ. ಮನೆಯವರು ಅದನ್ನು ವೈರಾಗ್ಯವೆಂದು ತಿಳಿಯುತ್ತಾರೆ. ಶ್ರವಣ ಸಾಧನ ಧರಿಸಿಕೊಂಡು ಜನರ ನಡುವೆ ಇರುವುದು ಆ ಬಗೆಯ ವೈರಾಗ್ಯಕ್ಕಿಂತ ಎಷ್ಟೋ ಮೇಲು.

ನಿವೃತ್ತಿಗೆ ಇನ್ನೂ ಒಂದೆರಡು ವರ್ಷ ಇರುವವರು ಈ ಬರಹವನ್ನು ಓದುತ್ತಿದ್ದರೆ ಅವರಿಗೆ ಅನುಕೂಲ ಹೆಚ್ಚು. ಮುಂದೆ ಹೇಳುವ ಕೆಲಸಗಳಲ್ಲಿ ಒಂದನ್ನು ಎರಡು ವಾರಕ್ಕೊಂದು ಭಾನುವಾರ ಮಾಡಿನೋಡಿದರೆ, ಹಿಡಿಸುತ್ತದೆಯೋ ಇಲ್ಲವೋ ಎಂಬುದು ಸಂಬಳ ಬರುತ್ತಿರುವಾಗಲೇ ಗೊತ್ತಾಗಿಬಿಡುತ್ತದೆ.

ಕಾಯುವವರು ಇರುವ ಕೆಲಸ

ಯಾವ ಕೆಲಸವನ್ನು ಆರಿಸಿಕೊಳ್ಳುವಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಈ ವಾರ ಹೋಗದಿದ್ದರೆ ಯಾರಾದರೂ ಫೋನ್ ಮಾಡಿ ‘ಯಾಕೆ ಸರ್, ಬರಲೇ ಇಲ್ಲ?’ ಎಂದು ಕೇಳುತ್ತಾರೆಯೇ? ಕೇಳುವವರು ಇಲ್ಲದಿದ್ದರೆ ಅದು ಕಾಲಕ್ಷೇಪ. ಕಾಲಕ್ಷೇಪವೂ ಬೇಕು, ಪಾರ್ಕಿನ ಬೆಂಚಿನ ಹರಟೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಅದು ಈ ಜಾಗವನ್ನು ತುಂಬುವುದಿಲ್ಲ.

ನಮ್ಮ ಕಡೆಯ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗ ಅರಿವು ಕೇಂದ್ರವೆಂದು ಕರೆಯಲಾಗುವ ಸ್ಥಳಕ್ಕೆ, ಶನಿವಾರ ಬೆಳಿಗ್ಗೆ ಕಂದಾಯ ಇಲಾಖೆಯ ನಿವೃತ್ತ ನೌಕರರೊಬ್ಬರು ಬಂದು ಕೂರುತ್ತಾರೆ. ಅವರ ಮುಂದೆ ಒಂದು ಸ್ಕೇಲು, ಒಂದು ಕೆಂಪು ಪೆನ್ಸಿಲು. ರೈತರು ಪಹಣಿ, ಅಂದರೆ ಜಮೀನಿನ ಹಕ್ಕುದಾಖಲೆ, ಹಿಡಿದುಕೊಂಡು ಬರುತ್ತಾರೆ. ಇವರು ಸ್ಕೇಲನ್ನು ಸಾಲಿನ ಕೆಳಗಿಟ್ಟು ಓದಿ ಹೇಳುತ್ತಾರೆ: 9ನೇ ಕಾಲಂನಲ್ಲಿ ಇರುವುದು ಸ್ವಾಧೀನದಾರರ ಹೆಸರು, 10ರಲ್ಲಿ ಜಮೀನು ಹೇಗೆ ಬಂತೆಂಬುದು, 11ರಲ್ಲಿ ಸಾಲ ಮತ್ತಿತರ ಋಣ. ಒಮ್ಮೆ ಒಬ್ಬ ಹೆಣ್ಣುಮಗಳು ತಂದ ಪಹಣಿಯಲ್ಲಿ ಸ್ವಾಧೀನದಾರರಾಗಿ ತೀರಿಹೋದ ಮಾವನ ಹೆಸರೇ ಇತ್ತು. ಬೆಳೆ ಪರಿಹಾರ ಏಕೆ ತನ್ನ ಖಾತೆಗೆ ಬರುತ್ತಿಲ್ಲ ಎಂಬುದು ಆಕೆಯ ಪ್ರಶ್ನೆ. ಇವರು ಕೆಂಪು ಪೆನ್ಸಿಲಿನಿಂದ ಆ ಹೆಸರಿನ ಸುತ್ತ ಗೆರೆ ಎಳೆದು, ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು, ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಆಕೆಯ ಜೊತೆ ಕಚೇರಿಗೆ ಹೋಗಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಅದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ನಿವೃತ್ತ ನೌಕರ ಅರ್ಜಿದಾರರ ಜೊತೆ ಕಚೇರಿಯ ಮೆಟ್ಟಿಲು ಹತ್ತಿದ ದಿನವೇ ಜನರ ಬಾಯಲ್ಲಿ ದಲ್ಲಾಳಿಯಾಗುತ್ತಾನೆ ಎಂಬುದು ಅವರಿಗೆ ಗೊತ್ತು. ಹಣ ಮುಟ್ಟುವುದಿಲ್ಲ, ಕಚೇರಿಗೆ ಬರುವುದಿಲ್ಲ ಎಂಬ ಎರಡು ಗೆರೆಗಳನ್ನು ಮೊದಲ ದಿನವೇ ಎಳೆದುಕೊಳ್ಳುವುದು ಇಂಥ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಕ್ಷೇಮ.

ಶಿಕ್ಷಕರಾಗಿದ್ದವರಿಗೂ, ಗಣಿತ ಇಂಗ್ಲಿಷುಗಳಲ್ಲಿ ಹಿಡಿತವಿರುವ ಬ್ಯಾಂಕು, ದೂರಸಂಪರ್ಕ, ವಿಮಾ ಇಲಾಖೆಗಳವರಿಗೂ ತೆರೆದಿರುವ ಒಂದು ದಾರಿಯತ್ತ ಹೆಚ್ಚಿನವರ ಗಮನ ಹರಿದಿಲ್ಲ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುವ ಕ್ರಮ ಬಂದಿದೆ. ಮೊದಲನೆಯದರಲ್ಲಿ ಗಣಿತವೊಂದರಲ್ಲೇ ಅನುತ್ತೀರ್ಣರಾದ ಮಗುವಿಗೆ ಎರಡನೆಯದು ಕೆಲವೇ ವಾರಗಳಲ್ಲಿ ಎದುರಾಗುತ್ತದೆ, ಆಗ ಬೇಸಿಗೆ ರಜೆ, ಟ್ಯೂಷನ್ನಿಗೆ ದುಡ್ಡಿಲ್ಲ, ಮನೆಯಲ್ಲಿ ಬೈಗುಳ. ಆ ಕೆಲವು ವಾರಗಳ ಕಾಲ ಐದಾರು ಮಕ್ಕಳನ್ನು ಕೂರಿಸಿಕೊಂಡು ಪಾಸಾಗುವಷ್ಟು ಗಣಿತವನ್ನು ಬೆನ್ನು ಹತ್ತಿ ಕಲಿಸುವವರ ಅಗತ್ಯ ಪ್ರತಿ ಹೋಬಳಿಯಲ್ಲಿಯೂ ಇದೆ. ಅವಧಿ ಚಿಕ್ಕದು, ಗುರಿ ಸ್ಪಷ್ಟ, ಫಲಿತಾಂಶ ಕಣ್ಣಮುಂದೆ ಬರುತ್ತದೆ. ಹೊಸದಾಗಿ ನಿವೃತ್ತರಾದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆಯನ್ನು ನಾನು ಕಾಣೆ. ಇದು ಹಿಡಿಸಿದರೆ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯದಲ್ಲಿ ವರ್ಷವಿಡೀ ಮುಂದುವರಿಸಬಹುದು. ಮಕ್ಕಳಿರುವ ಜಾಗವಾದ್ದರಿಂದ ಅನುಮತಿ ಪತ್ರ, ಗುರುತಿನ ಚೀಟಿ, ಸಿಬ್ಬಂದಿಯೊಬ್ಬರ ಹಾಜರಿ ಇವನ್ನೆಲ್ಲ ಕೇಳುತ್ತಾರೆ. ಕೇಳಲೇಬೇಕು; ಇಷ್ಟು ವರ್ಷ ಸರ್ವಿಸ್ ಮಾಡಿದ ನನ್ನನ್ನೇ ಸಂಶಯಿಸುವುದೇ ಎಂದು ಮುನಿಸಿಕೊಳ್ಳುವವರು ಬೇರೆ ಕೆಲಸ ನೋಡಿಕೊಳ್ಳುವುದು ಮೇಲು.

ಕಾನೂನಿನ ಒಡನಾಟ ಇದ್ದವರು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಯಲ್ಲಿ ವಿಚಾರಿಸಬಹುದು. ಜನರಿಗೆ ಕಾನೂನು ನೆರವಿನ ದಾರಿ ತೋರಿಸುವ ಅರೆ ಕಾನೂನು ಸ್ವಯಂಸೇವಕರಾಗಿ ಆಯ್ಕೆಯಾಗಬಲ್ಲವರಲ್ಲಿ ನಿವೃತ್ತ ಶಿಕ್ಷಕರು ಮತ್ತು ನಿವೃತ್ತ ಸರ್ಕಾರಿ ನೌಕರರನ್ನು ಆ ಯೋಜನೆಯೇ ಹೆಸರಿಸಿದೆ, ತರಬೇತಿಯನ್ನೂ ಕೊಡುತ್ತದೆ. ಬ್ಯಾಂಕಿನವರಿಗೆ ಸಹಕಾರ ಸಂಘಗಳಿವೆ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಮೊದಲಾದ ಪರಂಪರೆ ನಮ್ಮದು. ಇಂದಿಗೂ ಹಳ್ಳಿಯ ಹಾಲಿನ ಸಂಘಕ್ಕೋ ಸ್ತ್ರೀಶಕ್ತಿ ಗುಂಪಿಗೋ ಹೆಚ್ಚಾಗಿ ಬೇಕಾಗಿರುವುದು ಭಾಷಣಕಾರರಲ್ಲ, ತಿಂಗಳಿಗೊಮ್ಮೆ ಬಂದು ನಗದು ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡಿ, ತಪ್ಪಿದ್ದರೆ ಗದರದೆ ತಿದ್ದುವುದನ್ನು ಕಲಿಸುವವರು.

ಜನರ ನಡುವೆ ಕೂರುವುದೇ ಕಷ್ಟವೆನ್ನುವ ಸ್ವಭಾವದವರಿಗೂ ದಾರಿಯಿದೆ. ಕನ್ನಡ ವಿಕಿಸೋರ್ಸ್ ಎಂಬ ಅಂತರ್ಜಾಲದ ಮುಕ್ತ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಮೂಲ ಚಿತ್ರದೊಂದಿಗೆ ಹೋಲಿಸಿ ಕರಡು ತಿದ್ದುವ ಕೆಲಸ ನಡೆಯುತ್ತದೆ. ಒಬ್ಬರು ತಿದ್ದಿದ ಪುಟವನ್ನು ಇನ್ನೊಬ್ಬರು ಮತ್ತೆ ಪರಿಶೀಲಿಸಬೇಕಾದ್ದರಿಂದ, ಮುಖ ನೋಡದಿದ್ದರೂ ನಿಮ್ಮ ಪುಟಕ್ಕಾಗಿ ಕಾಯುವವರು ಅಲ್ಲಿಯೂ ಇರುತ್ತಾರೆ. ದ್ವಿತ್ವ, ಒತ್ತಕ್ಷರ, ಅರ್ಕಾವತ್ತು ತಪ್ಪಿದರೆ ಕಣ್ಣು ಚುಚ್ಚುತ್ತದೆ ಎನ್ನುವ ನಿವೃತ್ತ ಪ್ರೂಫ್ ರೀಡರುಗಳಿಗೂ ಕನ್ನಡ ಮೇಷ್ಟರುಗಳಿಗೂ ಹೇಳಿ ಮಾಡಿಸಿದ ಕೆಲಸವದು.

ಕೇಳುವ ಕ್ರಮವೂ ಮುಖ್ಯ. ‘ಸಮಾಜಸೇವೆ ಮಾಡಬೇಕೆಂದಿದ್ದೇನೆ’ ಎಂದು ಹೋದವರಿಗೆ ಎಲ್ಲ ಕಡೆಯೂ ‘ಬನ್ನಿ ಸರ್, ನೋಡೋಣ’ ಎಂಬ ಉತ್ತರವೇ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಬದಲಿಗೆ ಗ್ರಂಥಾಲಯದ ಮೇಲ್ವಿಚಾರಕರನ್ನೋ ಮುಖ್ಯೋಪಾಧ್ಯಾಯರನ್ನೋ ಕಂಡು, ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತು, ಎಷ್ಟು ತಿಂಗಳು ಎಂಬುದನ್ನು ಸ್ಪಷ್ಟವಾಗಿ ಹೇಳಿ: ಶನಿವಾರ ಹತ್ತರಿಂದ ಹನ್ನೆರಡು, ಮೂರು ತಿಂಗಳು, ಹಣ ಬೇಡ, ಒಂದು ಮೇಜು ಸಾಕು. ಅವಧಿ ಮುಗಿದ ಮೇಲೆ ಬೇಡವೆನಿಸಿದರೆ ಇಬ್ಬರಿಗೂ ಮುಜುಗರವಿಲ್ಲದೆ ನಿಲ್ಲಿಸಬಹುದು. ಮುಖ್ಯೋಪಾಧ್ಯಾಯರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಈ ಹಿರಿಯರು ನನಗೇ ಪಾಠ ಹೇಳಲು ಬಂದಿದ್ದಾರೆಯೋ, ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಒಯ್ಯುತ್ತಾರೆಯೋ ಎಂದು. ವಯಸ್ಸಿನಲ್ಲಿ ಮಗನಷ್ಟಿರುವ ಆ ಮನುಷ್ಯನ ಎದುರು ಮೊದಲ ಕೆಲವು ವಾರ ಸಲಹೆ ಕೊಡದೆ ಇರುವುದು ಬಹುಶಃ ಇಡೀ ಪ್ರಯತ್ನದಲ್ಲಿ ಅತ್ಯಂತ ಕಠಿಣವಾದ ಭಾಗ, ವಿಶೇಷವಾಗಿ ಅಧಿಕಾರಿಗಳಾಗಿದ್ದವರಿಗೆ.

ಸಂಘಸಂಸ್ಥೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬಡಾವಣೆಯ ನಿವಾಸಿಗಳ ಸಂಘ, ದೇವಸ್ಥಾನದ ಟ್ರಸ್ಟ್, ನಿವೃತ್ತ ನೌಕರರ ಸಂಘ, ಜಾತಿ ಸಂಘ ಇವೆಲ್ಲ ಹೊಸದಾಗಿ ನಿವೃತ್ತರಾದವರನ್ನು ಕೈಬೀಸಿ ಕರೆಯುತ್ತವೆ, ಮತ್ತು ಕುರ್ಚಿ ಕಳೆದುಕೊಂಡ ನೋವಿರುವವರು ಅಲ್ಲಿನ ಅಧ್ಯಕ್ಷಗಿರಿಗಾಗಿ ಕಚೇರಿಯಲ್ಲೂ ಆಡದ ರಾಜಕೀಯ ಆಡುತ್ತಾರೆ. ಸೇರುವುದಾದರೆ ಖಜಾಂಚಿಯ ಕೆಲಸ ಕೇಳಿಕೊಳ್ಳಿ. ಅದಕ್ಕೆ ಸ್ಪರ್ಧೆಯಿಲ್ಲ, ಕೆಲಸವಂತೂ ನಿಜವಾದದ್ದು.

ಮನೆಯೊಳಗೆ

ಮೂವತ್ತು ವರ್ಷಗಳ ಕಾಲ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಮನೆ ಗೃಹಿಣಿಯ ಆಡಳಿತದಲ್ಲಿತ್ತು. ಜೂನ್ 1ರಂದು ಅಲ್ಲಿಗೆ ಅನುಭವಿ ಅಧಿಕಾರಿಯೊಬ್ಬರು ವರ್ಗವಾಗಿ ಬರುತ್ತಾರೆ. ಬೇಳೆ ಡಬ್ಬಗಳಿಗೆ ಚೀಟಿ ಅಂಟಿಸುತ್ತಾರೆ, ಗ್ಯಾಸ್ ಎಷ್ಟು ದಿನ ಬಂತೆಂದು ಲೆಕ್ಕ ಕೇಳುತ್ತಾರೆ, ಗಂಟೆಗೊಮ್ಮೆ ಚಹಾ ಬಯಸುತ್ತಾರೆ. ನಿವೃತ್ತಿಯ ನಂತರದ ಮನಸ್ತಾಪಗಳು ಹುಟ್ಟುವುದು ಇಂಥ ಕಡೆಯೇ. ಸಹಾಯ ಮಾಡುತ್ತೇನೆ ಎನ್ನುವ ಬದಲು ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ಬೆಳಗಿನ ತಿಂಡಿ ನಿಮ್ಮದಾದರೆ, ರಾತ್ರಿ ಅಕ್ಕಿ ಉದ್ದು ನೆನೆಹಾಕುವುದರಿಂದ ಹಿಡಿದು ಪಾತ್ರೆ ತೊಳೆದು ಕಟ್ಟೆ ಒರೆಸುವವರೆಗೆ ಎಲ್ಲವೂ ನಿಮ್ಮದೇ ಆಗಿರಬೇಕು. ಅದರಲ್ಲಿ ಆಕೆ ಕೈ ಹಾಕುವ ಅಗತ್ಯವೇ ಬೀಳಬಾರದು. ಆಕೆಗೆ ನಿವೃತ್ತಿಯ ಆದೇಶವನ್ನು ಯಾರೂ ಕೊಟ್ಟಿಲ್ಲವೆಂಬುದನ್ನೂ ಯೋಚಿಸಬೇಕು.

ನಿವೃತ್ತರಾದವರು ಹೆಂಗಸರಾಗಿದ್ದರೆ ಸಮಸ್ಯೆ ತಿರುವುಮುರುವು. ಶುಶ್ರೂಷಕಿಯಾಗಿಯೋ ಶಿಕ್ಷಕಿಯಾಗಿಯೋ ದುಡಿದು ದಣಿದು ಬಂದವರನ್ನು ‘ಇನ್ನು ಅಮ್ಮ ಮನೆಯಲ್ಲೇ ಇರುತ್ತಾಳಲ್ಲ’ ಎಂದು ಮನೆಮಂದಿಯೆಲ್ಲ ತಮ್ಮ ತಮ್ಮ ಕೆಲಸಗಳಿಗೆ ಹಂಚಿಕೊಂಡುಬಿಡುತ್ತಾರೆ. ಆದ್ದರಿಂದ ವಾರದಲ್ಲಿ ಯಾವ ದಿನ ಯಾವ ಹೊತ್ತು ತಾವು ಮನೆಯಲ್ಲಿ ಸಿಗುವುದಿಲ್ಲವೆಂಬುದನ್ನು ನಿವೃತ್ತಿಗೆ ಮೊದಲೇ ಹೇಳಿ, ಮೊದಲ ವಾರದಿಂದಲೇ ಪಾಲಿಸತೊಡಗಬೇಕು. ಒಮ್ಮೆ ಬಿಟ್ಟುಕೊಟ್ಟ ಹೊತ್ತನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಕಾಯುವವರಿರುವ ಕೆಲಸಗಳಲ್ಲಿ ಅತ್ಯಂತ ಹಿತವಾದದ್ದು. ಆದರೂ ಹಾಸನದಿಂದ ಮಗನ ಬೆಂಗಳೂರಿನ ಹದಿನಾಲ್ಕನೆಯ ಮಹಡಿಗೆ ಹೋಗಿ ನೆಲೆಸುವ ಮೊದಲು, ಎಷ್ಟು ತಿಂಗಳು, ವಾರದಲ್ಲಿ ಯಾವ ದಿನ ರಜೆ ಎಂಬ ಮಾತು ಮುಗಿದಿರಲಿ. ಅಮೆರಿಕಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳ ವಾಸ್ತವ್ಯ ಸಿಗುತ್ತದೆ. ಕಾರು ಓಡಿಸಲು ಬಾರದವರಿಗೆ ಅದರಲ್ಲಿ ಚಳಿಗಾಲದ ತಿಂಗಳುಗಳು ಬಲು ಉದ್ದ. ಅಲ್ಲಿನ ಕನ್ನಡ ಕೂಟಗಳು ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿಗಳಲ್ಲಿ ಕಥೆ ಹೇಳುವ ಅಜ್ಜ ಅಜ್ಜಿಯರಿಗೆ ಸದಾ ಸ್ವಾಗತವಿರುತ್ತದೆ. ಊರಿಗೆ ಮರಳಿದ ಮೇಲೆ ವಿಡಿಯೊ ಕರೆಯಲ್ಲಿ ವಾರಕ್ಕೊಂದು ಕಥೆಯನ್ನು ಗೊತ್ತಾದ ಹೊತ್ತಿಗೆ ಮುಂದುವರಿಸಿದರೆ ಮಗುವಿನ ಕನ್ನಡವೂ ಉಳಿಯುತ್ತದೆ.

ಹಣ, ಊರು, ತೋಟ

ಇದು ಹಣದ ಬರಹವಲ್ಲವಾದರೂ ಒಂದು ಮಾತು ಇಲ್ಲಿಗೆ ಸೇರುತ್ತದೆ. ಒಮ್ಮೆಲೇ ಬಂದ ಗಂಟನ್ನು ನೋಡಿ ಸೈಟು ಮಾರುವವರು, ಪಾಲುದಾರಿಕೆ ಕೇಳುವ ಭಾವಮೈದುನರು, ಚೀಟಿ ನಡೆಸುವವರು ಮನೆಗೆ ಬರುತ್ತಾರೆ, ಮತ್ತು ಸುಮ್ಮನೆ ಕುಳಿತಿದ್ದ ಮನುಷ್ಯನಿಗೆ ವ್ಯವಹಾರವೇ ಹೊಸ ಉದ್ದೇಶದಂತೆ ಕಾಣುತ್ತದೆ. ಮೊದಲ ವರ್ಷ ಹಣ ಭದ್ರವಾದ ಕಡೆ ಇರಲಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷ ರೂಪಾಯಿವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ರಾಜ್ಯ ಸರ್ಕಾರದ ಸೇವೆಗೆ ಸೇರಿ, ಹಳೆಯ ನಿಶ್ಚಿತ ಪಿಂಚಣಿಯ ಬದಲು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಒಳಪಟ್ಟವರಿಗೆ ಸಂಪಾದನೆಯ ಕೆಲಸವೇ ಬೇಕಾಗಬಹುದು. ಆಗ ಲೆಕ್ಕಪತ್ರ ಬರೆಯುವುದು, ಅನುವಾದ, ಪಾಠ ಇತ್ಯಾದಿ ಕೌಶಲವನ್ನೇ ಸಂಭಾವನೆಗೆ ಕೊಡುವುದರಲ್ಲಿ ಕೀಳರಿಮೆಯೇನೂ ಬೇಡ. ಉಚಿತವಾಗಿ ಮಾಡಿದ್ದು ಮಾತ್ರ ಸಾರ್ಥಕವೆಂಬ ಭಾವನೆ ಪಿಂಚಣಿ ಇರುವವರ ಸವಲತ್ತು.

ಊರಿಗೆ ಮರಳಿ ತೋಟ ಮಾಡುವ ಕನಸು ನಮ್ಮಲ್ಲಿ ಬಹಳ ಜನರದು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಆ ಕನಸಿಗೆ ರೆಕ್ಕೆ ಬಂದಿದೆ. ಆದರೆ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷವಾದರೂ ಬೇಕು. 61ರಲ್ಲಿ ನೆಟ್ಟರೆ ಗೊನೆ ಇಳಿಸುವಾಗ ನೀವು 67ರ ಆಸುಪಾಸಿನಲ್ಲಿರುತ್ತೀರಿ, ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರರ ಅಭಾವ ಆಗ ಇನ್ನೂ ಹೆಚ್ಚಿರುತ್ತದೆ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಆ ಊರಿನಲ್ಲಿ ಬಾಡಿಗೆಗೆ ಇದ್ದು, ರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿಕೊಂಡು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರೊಂದಿಗೆ ಮಾತಾಡಿದ ಮೇಲೆ ಮುಂಗಡ ಕೊಡಿ. ಹತ್ತು ಗುಂಟೆಯ ತರಕಾರಿ ತೋಟ ಕೊಡುವಷ್ಟೇ ಸಂತೋಷವನ್ನು ನಾಲ್ಕು ಎಕರೆ ಕೊಡುತ್ತದೆಂಬ ಖಾತ್ರಿಯಿಲ್ಲ, ಚಿಂತೆಯನ್ನಂತೂ ಹೆಚ್ಚೇ ಕೊಡುತ್ತದೆ.

ಮತ್ತೆ ವಿದ್ಯಾರ್ಥಿಯಾಗುವುದು

ಕಲಿಯುವುದಾದರೆ ಪರೀಕ್ಷೆ ಇರುವ ಕಲಿಕೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಯೂಟ್ಯೂಬ್ ನೋಡಿ ಸಂಗೀತ ಕಲಿಯುತ್ತೇನೆ ಎಂದವರು ಸಾಮಾನ್ಯವಾಗಿ ಸರಳೆ ವರಸೆಯಲ್ಲೇ ನಿಲ್ಲುತ್ತಾರೆ. ಜೂನಿಯರ್ ಪರೀಕ್ಷೆಗೆ ಕಟ್ಟಿದವರು ಗುರುಗಳಿಗೆ ಹೆದರಿಯಾದರೂ ಬೆಳಿಗ್ಗೆ ಶ್ರುತಿ ಹಿಡಿಯುತ್ತಾರೆ. ಜೀವನವಿಡೀ ಇಂಗ್ಲಿಷ್ ಕಡತಗಳಲ್ಲಿ ಕಳೆದು ಹಳಗನ್ನಡ ಓದುವ ಆಸೆ ಉಳಿಸಿಕೊಂಡವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿವೆ. ಪದವಿಯೇ ಬೇಕೆನ್ನುವವರಿಗೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಮೊಮ್ಮಗಳ ವಯಸ್ಸಿನವರ ಪಕ್ಕ ಕುಳಿತು ಪರೀಕ್ಷೆ ಬರೆಯುವ ಮುಜುಗರ ಮೊದಲ ಅರ್ಧ ಗಂಟೆಯದು, ಆಮೇಲೆ ಪ್ರಶ್ನೆಪತ್ರಿಕೆಯೇ ಎಲ್ಲವನ್ನೂ ಮರೆಸುತ್ತದೆ.

ಮನಸ್ಸು ಏಳದಿದ್ದರೆ

ಇಲ್ಲಿ ಹೇಳಿದ ಯಾವುದಕ್ಕೂ ಮನಸ್ಸು ಏಳದ ಸ್ಥಿತಿಯೂ ಉಂಟು. ಎರಡು ವಾರ ಮೀರಿ ನಿದ್ದೆ ಹಸಿವುಗಳು ಕೆಟ್ಟರೆ, ಸ್ನಾನ ಗಡ್ಡಗಳ ಗೊಡವೆ ಬೇಡವಾದರೆ, ಸಂಜೆಯ ಒಂದು ಪೆಗ್ಗು ಮಧ್ಯಾಹ್ನಕ್ಕೆ ಸರಿದರೆ, ನಾನು ಇದ್ದೇನು ಪ್ರಯೋಜನ ಎಂಬ ಮಾತು ಪದೇ ಪದೇ ಬಂದರೆ, ಅದನ್ನು ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಹಾಕಬಾರದು. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಸಮಾಜಸೇವೆಯ ಉಪದೇಶ ಆಗ ಗಾಯದ ಮೇಲಿನ ಉಪ್ಪಾಗುತ್ತದೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಇತರ ತೊಂದರೆಗಳಿಗೆ 14567 ಸಹಾಯವಾಣಿ ಇದೆ. ಮನೆಯವರೇ ಕರೆ ಮಾಡಿದರೂ ಆದೀತು.

ಒಪ್ಪಿಸಿಕೊಡುವ ದಿನ

ಈ ಎರಡನೆಯ ಕೆಲಸಕ್ಕೂ ಕೊನೆಯಿದೆ. ಮಂಡಿ ನೋವು ಬರುತ್ತದೆ, ಕಣ್ಣು ಸೋಲುತ್ತದೆ, ಮಕ್ಕಳ ಊರಿಗೆ ಹೋಗಬೇಕಾಗುತ್ತದೆ. ಇದಕ್ಕೆ ಸರ್ಕಾರ ತಾರೀಖು ಗೊತ್ತು ಮಾಡುವುದಿಲ್ಲವಾದ್ದರಿಂದ ನೀವೇ ಸಿದ್ಧತೆ ಮಾಡಿಕೊಳ್ಳಬೇಕು. ಆರಂಭದ ಕೆಲವು ತಿಂಗಳುಗಳಲ್ಲೇ ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ಸಾಧ್ಯವಾದರೆ ನಿಮಗಿಂತ ಹತ್ತು ವರ್ಷ ಚಿಕ್ಕವರನ್ನು. ನೀವು ಊರಿನಲ್ಲಿಲ್ಲದ ವಾರ ಅವರೇ ನಡೆಸಲಿ, ಅವರು ಮಾಡಿದ್ದನ್ನು ಮರುವಾರ ತಿದ್ದಲು ಹೋಗಬೇಡಿ. ಬಂದವರು ಯಾರು, ಕೇಳಿದ್ದೇನು, ಹೇಳಿದ್ದೇನು, ಕೊನೆಗೆ ಏನಾಯಿತು ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಪೌತಿ ಖಾತೆಗೆ ಬಂದ ಹೆಣ್ಣುಮಗಳು ಮೂರು ತಿಂಗಳ ನಂತರ ಮತ್ತೆ ಬಂದಾಗ ಎದುರಿಗೆ ನೀವಿಲ್ಲದಿರಬಹುದು. ಆಗ ಕುಳಿತಿರುವವರಿಗೆ ಆ ಪುಟ ಸಿಕ್ಕರೆ ಆಕೆ ತನ್ನ ಕಥೆಯನ್ನು ಮೊದಲಿಂದ ಹೇಳಬೇಕಾಗಿಲ್ಲ. ರಿಜಿಸ್ಟರು ಗ್ರಂಥಾಲಯದ ಬೀರುವಿನಲ್ಲೇ ಇರಲಿ, ಮನೆಗೆ ಒಯ್ಯಬೇಡಿ.